ರಾಣಿಯ ಚಿತ್ರಗಾರ್ತಿ

ಈ ಸ್ಮರಣ ಸಂಚಿಕೆಗೆ ನಮ್ಮಿಂದಲೂ ಒಂದು ಲೇಖನವಾಗಬೇಕೆಂದು ಸಂಪಾದಕ ಮಂಡಲಿಯ ಬಾಲೆಯರು ಬಂದು ಕೇಳಿದರು. ಮುಖ್ಯೋಪಾಧ್ಯಾಯಿನಿಯ ಲೇಖನವೆಂದೊಡನೆ ಸಮಯಪಾಲನೆ, ಶುಚಿತ್ವ, ವಿಧೇಯತೆ ಮೊದಲಾದವುಗಳ ಬೋಧೆಯೇ ಇರುವುದೆಂದು ವಾಚಕರು ಪುಟವನ್ನು ಮಗುಚಿಬಿಡುವರೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಆದಕಾರಣ ಈ ಸಲ ಬೋಧೆಯನ್ನು ಕೊನೆಗಿಟ್ಟುಕೊಂಡು, ಮೊದಲು ಒಬ್ಬ ಹೆಂಗಸಿನ ಕಥೆಯನ್ನು ಹೇಳುವೆವು. ಆಕೆ ಫ್ರಾನ್ಸ್ ದೇಶದ ರಾಣಿ ಮರೀ ಆಂತ್ವನೆತ್ತಳ ಚಿತ್ರಗಾರ್ತಿಯಾಗಿದ್ದ ಎಲಿಜಬೆತ್ ವಿಜೇ ಲೆ ಬ್ರುನ್.

ನಮ್ಮ ನಾಡಿನ ಚರಿತ್ರೆಯೇ ನಮ್ಮನ್ನು ಈಕೆಯ ಬಳಿಗೆ ಕರೆದೊಯ್ದಿತು. ಟಿಪ್ಪು ಸುಲ್ತಾನನ ಕಾಲವನ್ನು ಕುರಿತ ಪಾಠಕ್ಕಾಗಿ ನಾವು ಚಿತ್ರಗಳನ್ನು ಹುಡುಕುತ್ತಿದ್ದಾಗ, ಬಿಳಿಯ ನಿಲುವಂಗಿಯನ್ನು ತೊಟ್ಟು, ರುಮಾಲು ಸುತ್ತಿ, ಖಡ್ಗವನ್ನು ಹಿಡಿದು ನಿಂತ ಒಬ್ಬ ಎತ್ತರದ ಪುರುಷನ ಪಟವು ಕಣ್ಣಿಗೆ ಬಿದ್ದಿತು. ಅವನು ಸುಲ್ತಾನನು ೧೭೮೮ರಲ್ಲಿ ಫ್ರಾನ್ಸಿಗೆ ಕಳುಹಿಸಿದ ಮೂವರು ರಾಯಭಾರಿಗಳಲ್ಲೊಬ್ಬನಾದ ಮಹಮ್ಮದ್ ದರ್ವೇಶ್ ಖಾನನು. ಪಟದ ಕೆಳಗೆ ಬರೆದವರ ಹೆಸರನ್ನು ಓದಿದೆವು. ಅದು ಹೆಂಗಸಿನ ಹೆಸರಾಗಿದ್ದಿತು. ಅಂದಿನಿಂದ ಹತ್ತಿದ ಕುತೂಹಲವು, ಈಕೆ ಮುಪ್ಪಿನಲ್ಲಿ ಬರೆದ ಆತ್ಮಕಥೆಯ ಇಂಗ್ಲಿಷ್ ಅನುವಾದವನ್ನು ಬೇಸಿಗೆಯ ರಜೆಯಲ್ಲಿ ಓದಿ ಮುಗಿಸುವವರೆಗೂ ನಮ್ಮನ್ನು ಬಿಡಲಿಲ್ಲ.

ಎಲಿಜಬೆತ್ ಹುಟ್ಟಿದುದು ಪ್ಯಾರಿಸ್ ಪಟ್ಟಣದಲ್ಲಿ, ೧೭೫೫ನೆಯ ಇಸವಿ ಏಪ್ರಿಲ್ ೧೬ರಂದು. ತಂದೆ ಲೂಯಿ ವಿಜೇ ಎಂಬವನು ಬಣ್ಣದ ಕಡ್ಡಿಗಳಿಂದ ಭಾವಚಿತ್ರಗಳನ್ನು ಬರೆಯುವವನು. ತಾಯಿ ಕೇಶಾಲಂಕಾರದ ಕೆಲಸದವಳು. ಶಿಶುವನ್ನು ಹಳ್ಳಿಯ ದಾದಿಯೊಬ್ಬಳ ಮನೆಯಲ್ಲಿ ಬೆಳೆಯಿಸಿ, ತರುವಾಯ ಒಂದು ಕನ್ಯಾಮಠದ ಶಾಲೆಗೆ ಸೇರಿಸಿದರು. ಅಲ್ಲಿ ಈಕೆ ತನ್ನ ಪುಸ್ತಕದ ಅಂಚುಗಳನ್ನೂ, ಜೊತೆಯವರ ಪುಸ್ತಕದ ಅಂಚುಗಳನ್ನೂ, ಕಡೆಗೆ ಮಲಗುವ ಕೋಣೆಯ ಗೋಡೆಗಳನ್ನೂ ಮುಖಗಳಿಂದ ತುಂಬಿ ಶಿಕ್ಷೆಯನ್ನು ಅನುಭವಿಸಿದಳು. ಮನೆಗೆ ಬಂದು ದೀಪದ ಬೆಳಕಿನಲ್ಲಿ ಬರೆದ ಒಬ್ಬ ಗಡ್ಡದವನ ಚಿತ್ರವನ್ನು ನೋಡಿ ತಂದೆ ಮಾತ್ರ ಹಿಗ್ಗಿ, ನೀನು ಚಿತ್ರಗಾರ್ತಿಯೇ ಆಗುವೆ ಎಂದು ಹರಸಿದನು. ಆ ತಂದೆಯು ಮೀನಿನ ಮುಳ್ಳನ್ನು ನುಂಗಿ, ಅದರ ಬಾಧೆಯಿಂದ ೧೭೬೭ರಲ್ಲಿ ತೀರಿಕೊಂಡನು. ಮಗಳಿಗೆ ಆಗ ೧೨ ವರುಷ.

ಅದೇ ವರುಷದ ಕೊನೆಯಲ್ಲಿ ತಾಯಿ ಒಬ್ಬ ಒಡವೆಯ ವ್ಯಾಪಾರಿಯನ್ನು ಮದುವೆಯಾದಳು. ಈ ಮಲತಂದೆಯು ತೀರಿಹೋದವನ ಬಟ್ಟೆಗಳನ್ನು ತನ್ನ ಮೈಗೆ ಸರಿಪಡಿಸಿಕೊಳ್ಳದೆ ಹಾಗೆಯೇ ತೊಟ್ಟುಕೊಂಡು ತಿರುಗುತ್ತಿದ್ದನೆಂದು ಈಕೆ ಬರೆದಿದ್ದಾಳೆ. ಎಪ್ಪತ್ತು ವರುಷಗಳಾಚೆಗೂ ಮಾಯದ ಗಾಯವು ಆ ಒಂದು ವಾಕ್ಯದಲ್ಲಿ ಕಾಣಬರುತ್ತದೆ. ಹುಡುಗಿಗೆ ಇನ್ನೂ ಹದಿನೈದು ತುಂಬುವುದರೊಳಗೆ ಮನೆಯ ಖರ್ಚಿಗೂ ತಮ್ಮನ ಓದಿಗೂ ಆಕೆಯ ದುಡಿಮೆಯೇ ಆಧಾರವಾಯಿತು. ಹಣವನ್ನು ತೆಗೆದುಕೊಳ್ಳುತ್ತಿದ್ದವನು ಮಲತಂದೆ.

ಹೆಣ್ಣುಮಕ್ಕಳಿಗೆ ಚಿತ್ರಕಲಾಶಾಲೆಯ ಬಾಗಿಲು ಮುಚ್ಚಿದ್ದ ಕಾಲವದು. ಮಾನವ ಶರೀರವನ್ನು ಎದುರಿಟ್ಟುಕೊಂಡು ಬರೆಯುವ ತರಗತಿಗೆ ಅವರನ್ನು ಸೇರಿಸುತ್ತಿರಲಿಲ್ಲ. ಎಲಿಜಬೆತ್ ತಂದೆಯ ಮಿತ್ರರಾದ ದ್ವಾಯೇನ್, ವೆರ್ನೇ ಎಂಬ ಚಿತ್ರಗಾರರ ಸಲಹೆಗಳನ್ನು ಕೇಳಿಕೊಂಡು, ಅರಮನೆಗಳ ಸಂಗ್ರಹಗಳಲ್ಲಿದ್ದ ರೂಬೆನ್ಸ್, ರೆಂಬ್ರಾಂಟ್ ಮೊದಲಾದವರ ಕೃತಿಗಳನ್ನು ನಕಲುಮಾಡುತ್ತ ತನ್ನ ವಿದ್ಯೆಯನ್ನು ತಾನೇ ಸಂಪಾದಿಸಿಕೊಂಡಳು. ೧೭೭೪ರಲ್ಲಿ, ಪರವಾನಿಗೆಯಿಲ್ಲದೆ ವೃತ್ತಿ ನಡೆಸುತ್ತಿರುವಳೆಂದು ಅಧಿಕಾರಿಗಳು ಬಂದು ಈಕೆಯ ಕೆಲಸದ ಕೋಣೆಗೆ ಮುದ್ರೆ ಹಾಕಿದರು. ಹತ್ತೊಂಬತ್ತು ವರುಷದ ಆ ಯುವತಿ ಅಳುತ್ತ ಕುಳಿತುಕೊಳ್ಳದೆ, ಸಂತ ಲೂಕನ ಹೆಸರಿನ ಚಿತ್ರಗಾರರ ಸಂಘಕ್ಕೆ ಅರ್ಜಿ ಹಾಕಿ ಅದೇ ವರುಷ ಸದಸ್ಯಳಾದಳು.

ಮಲತಂದೆಯ ಮನೆಯಿಂದ ಬಿಡುಗಡೆಯಾದರೆ ಸಾಕೆಂಬ ಆಸೆಯೂ ಸೇರಿ, ೧೭೭೬ರಲ್ಲಿ ಲೆ ಬ್ರುನ್ ಎಂಬ ಚಿತ್ರವ್ಯಾಪಾರಿಯನ್ನು ಮದುವೆಯಾದಳು. ಅವನು ಕಲೆಯನ್ನು ಬಲ್ಲವನು, ಸರಸಿ, ಆದರೆ ಜೂಜುಗಾರ. ಹೆಂಡತಿಯ ಕೆಲಸಕ್ಕೆ ಬಂದ ಹಣವೆಲ್ಲ ಅವನ ಕೈಗೇ ಹೋಗುತ್ತಿತ್ತು. ಅದೂ ಸಾಲದೆ, ಶಿಷ್ಯೆಯರನ್ನು ಸೇರಿಸಿಕೊಂಡು ಪಾಠ ಹೇಳೆಂದು ಒತ್ತಾಯಪಡಿಸಿದನು. ಹೀಗೆ ಈಕೆ ಕೆಲವು ಕಾಲ ನಮ್ಮ ಕಸುಬಿನವಳೂ ಆದಳು. ಶಿಷ್ಯೆಯರಲ್ಲಿ ಹಲವರು ಗುರುವಿಗಿಂತ ದೊಡ್ಡವರು. ಒಂದು ದಿನ ಅಟ್ಟದ ಮೇಲಿನ ಚಿತ್ರಶಾಲೆಗೆ ಹೋಗಿ ನೋಡುವಲ್ಲಿ, ಅವರು ತೊಲೆಗೆ ಹಗ್ಗ ಕಟ್ಟಿ ಉಯ್ಯಾಲೆಯಾಡುತ್ತಿದ್ದರು. ಗುರು ಮುಖವನ್ನು ಬಿಗಿದುಕೊಂಡು ಕಾಲಹರಣದ ಕೇಡನ್ನು ಕುರಿತು ಗದರಿಸಿದಳು. ತರುವಾಯ ಉಯ್ಯಾಲೆ ಹೇಗಿದೆಯೋ ನೋಡೋಣವೆಂದು ತಾನೇ ಕುಳಿತು, ಎಲ್ಲರಿಗಿಂತ ಹೆಚ್ಚಾಗಿ ಆಡಿದಳಂತೆ. ಇದನ್ನು ಓದಿ ನಮಗೆ ನಗು ಬಂದಿತೆಂದು ಒಪ್ಪಿಕೊಳ್ಳುವೆವು. ನಮ್ಮ ವಿದ್ಯಾರ್ಥಿನಿಯರು ಮಾತ್ರ ಇದನ್ನು ಪ್ರಮಾಣವಾಗಿ ಇಟ್ಟುಕೊಳ್ಳಬಾರದು.

೧೭೭೮ರಲ್ಲಿ ರಾಣಿಯು ಈಕೆಯ ಮುಂದೆ ಕುಳಿತು ತನ್ನ ಚಿತ್ರವನ್ನು ಬರೆಯಿಸಿಕೊಂಡಳು. ಬಿಳಿಯ ಸ್ಯಾಟಿನ್ ಉಡುಪಿನ ಆ ದೊಡ್ಡ ಪಟವು ರಾಣಿಯ ತಾಯಿಗೆಂದು ಆಸ್ಟ್ರಿಯಕ್ಕೆ ಹೋಯಿತು. ಈಗಲೂ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಹತ್ತು ವರುಷಗಳಲ್ಲಿ ರಾಣಿಯದೂ ಆಕೆಯ ಪರಿವಾರದ್ದೂ ಸೇರಿ ಸುಮಾರು ೩೦ ಚಿತ್ರಗಳನ್ನು ಬರೆದಳು. ರಾಜರ ಚಿತ್ರಕಲಾ ಪರಿಷತ್ತಿನಲ್ಲಿ ಹೆಂಗಸರಿಗೆ ನಾಲ್ಕೇ ಸ್ಥಾನಗಳು. ಗಂಡನು ಚಿತ್ರವ್ಯಾಪಾರಿಯೆಂಬ ಕಾರಣದಿಂದ ಈಕೆಗೆ ಅದೂ ಸಲ್ಲದೆಂದು ಆಕ್ಷೇಪಣೆ ಬಂದಿತು. ಗಂಡನ ಕಸುಬು ಹೆಂಡತಿಯ ಯೋಗ್ಯತೆಗೆ ಅಡ್ಡಿಯಾದುದನ್ನು ನೋಡಿರಿ! ಕಡೆಗೆ ರಾಣಿಯ ಮಾತಿನ ಮೇಲೆ ಅರಸನ ಅಪ್ಪಣೆಯಾಗಿ, ೧೭೮೩ನೆಯ ಇಸವಿ ಮೇ ೩೧ರಂದು ಸದಸ್ಯತ್ವ ದೊರೆಯಿತು. ಅದೇ ದಿನ ಅದೇ ಗೌರವವನ್ನು ಪಡೆದ ಇನ್ನೊಬ್ಬ ಹೆಂಗಸು ಅದೆಲಾಯಿದ್ ಲಾಬಿಯ್ ಗ್ಯಾರ್. ಆ ವರುಷದ ಪ್ರದರ್ಶನದಲ್ಲಿ ಎಲಿಜಬೆತ್ ರಾಣಿಯನ್ನು ಸಾದಾ ಬಿಳಿಯ ಮಸ್ಲಿನ್ ಉಡುಪಿನಲ್ಲಿ ತೋರಿಸಿದಳು. ರಾಣಿಯು ಒಳ ಅಂಗಿಯಲ್ಲಿ ಕಾಣಿಸಿಕೊಂಡಳೆಂದು ಜನರು ಗುಲ್ಲೆಬ್ಬಿಸಲು, ಆ ಪಟವನ್ನು ಇಳಿಸಿ, ರೇಷ್ಮೆಯ ಉಡುಪಿನ ಬೇರೊಂದನ್ನು ಇಡಬೇಕಾಯಿತು.

ನಮ್ಮ ರಾಯಭಾರಿಗಳು ಪ್ಯಾರಿಸಿಗೆ ಬಂದುದು ಇದಾದ ಐದು ವರುಷಗಳ ಮೇಲೆ. ಇಂಗ್ಲಿಷರ ವಿರುದ್ಧ ಫ್ರೆಂಚರ ಸಹಾಯವನ್ನು ಬೇಡಲು ಸಮುದ್ರವನ್ನು ದಾಟಿ ಬಂದವರು ಅವರು. ೧೭೮೮ನೆಯ ಆಗಸ್ಟ್ ೧೦ರಂದು ವರ್ಸೈಲ್ಸ್ ಅರಮನೆಯಲ್ಲಿ ಅವರಿಗೆ ಅರಸನ ದರ್ಶನವಾಯಿತು. ಎಲಿಜಬೆತ್ ಅವರನ್ನು ಸಂಗೀತನಾಟಕದ ಮಂದಿರದಲ್ಲಿ ಕಂಡು, ಚಿತ್ರ ಬರೆಯಲು ಆಸೆಪಟ್ಟಳು. ಅರಸನೇ ಕೇಳಿದರೆ ಮಾತ್ರ ಒಪ್ಪುವೆವೆಂದು ಅವರು ಹೇಳಲು, ಅರಸನಿಂದಲೇ ಕೇಳಿಸಿದಳು. ಅವರ ಬಿಡಾರದಲ್ಲಿ ನೆಲದ ಮೇಲೆ ಕುಳಿತು ಊಟವನ್ನೂ ಮಾಡಿದಳು. ಪಟ ಮುಗಿದ ಮೇಲೆ ದರ್ವೇಶ್ ಖಾನನು ಅದನ್ನು ಕೊಡಲೊಲ್ಲದೆ ಹಾಸಿಗೆಯ ಹಿಂದೆ ಬಚ್ಚಿಟ್ಟನು. ಈಕೆ ಅವನ ಸೇವಕನನ್ನು ಒಲಿಸಿಕೊಂಡು ತರಿಸಿಕೊಂಡಳು. ೧೭೮೯ರ ಪ್ರದರ್ಶನದಲ್ಲಿ ಅದು ಎಲ್ಲರ ಕಣ್ಣಿಗೂ ಬಿದ್ದಿತು. ಇದೇ ಪಟವು ೨೦೧೯ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ೭೦ ಲಕ್ಷ ಡಾಲರುಗಳಿಗೂ ಮೀರಿದ ಬೆಲೆಗೆ ಮಾರಾಟವಾಯಿತು.

ಆ ೧೭೮೯ರಲ್ಲಿಯೇ ಫ್ರಾನ್ಸಿನ ಮಹಾಕ್ರಾಂತಿ ಸಂಭವಿಸಿತು. ಅಕ್ಟೋಬರ್ ತಿಂಗಳಲ್ಲಿ ಜನಸಮೂಹವು ಅರಸನನ್ನೂ ರಾಣಿಯನ್ನೂ ವರ್ಸೈಲ್ಸಿನಿಂದ ಪ್ಯಾರಿಸಿಗೆ ಎಳೆತಂದ ದಿನದ ರಾತ್ರಿ, ರಾಣಿಯ ಚಿತ್ರಗಾರ್ತಿಯು ಕೂಲಿಯ ಹೆಂಗಸಿನಂತೆ ಉಡುಪು ಧರಿಸಿ, ಒಂಬತ್ತು ವರುಷದ ಮಗಳು ಜೂಲಿಯನ್ನೂ ಅವಳ ಉಪಾಧ್ಯಾಯಿನಿಯನ್ನೂ ಕರೆದುಕೊಂಡು, ಬಾಡಿಗೆಯ ಬಂಡಿಯಲ್ಲಿ ದೇಶವನ್ನು ಬಿಟ್ಟಳು. ಅದುವರೆಗೆ ತಾನು ಗಳಿಸಿದುದು ಹತ್ತು ಲಕ್ಷ ಫ್ರಾಂಕುಗಳಿಗೂ ಹೆಚ್ಚು, ಹೊರಡುವಾಗ ತನ್ನದೆಂದು ಇದ್ದುದು ಇಪ್ಪತ್ತು ಫ್ರಾಂಕುಗಳೂ ಇಲ್ಲವೆಂದು ಈಕೆಯೇ ಲೆಕ್ಕ ಕೊಟ್ಟಿದ್ದಾಳೆ. ಹಣದ ಬೆಲೆಯೇ ತನಗೆ ಗೊತ್ತಿರಲಿಲ್ಲವೆಂದೂ ಹೇಳಿದ್ದಾಳೆ. ನಾವು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತುದು ಈ ಸ್ಥಳದಲ್ಲಿ.

ಕಳೆದುಹೋದುದು ಹಣ, ವಿದ್ಯೆಯಲ್ಲ. ಟ್ಯೂರಿನ್, ಫ್ಲಾರೆನ್ಸ್, ರೋಮ್, ನೇಪಲ್ಸ್, ವಿಯೆನ್ನಾ, ಸೇಂಟ್ ಪೀಟರ್ಸ್‌ಬರ್ಗ್ ಎಂದು ಹನ್ನೆರಡು ವರುಷ ಸುತ್ತಿದಳು. ಹೋದೆಡೆಯಲ್ಲೆಲ್ಲ ಕುಂಚವನ್ನು ಹಿಡಿದು ಕುಳಿತರೆ ಅನ್ನವು ಹುಟ್ಟುತ್ತಿತ್ತು, ಮರ್ಯಾದೆಯೂ ಹಿಂಬಾಲಿಸಿ ಬರುತ್ತಿತ್ತು. ಫ್ಲಾರೆನ್ಸಿನವರು ಈಕೆಯ ಸ್ವಂತ ಭಾವಚಿತ್ರವನ್ನು ತಮ್ಮ ಪ್ರಖ್ಯಾತ ಸಂಗ್ರಹಕ್ಕಾಗಿ ಕೇಳಿ ಪಡೆದರು. ರಷ್ಯದಲ್ಲಿ ಮಹಾರಾಣಿ ಕ್ಯಾಥರೀನಳ ಮೊಮ್ಮಕ್ಕಳ ಚಿತ್ರವನ್ನು ಬರೆದಾಗ, ಬರಿಯ ತೋಳುಗಳನ್ನು ಕಂಡು ಮಹಾರಾಣಿ ಮುಖ ಸಿಂಡರಿಸಲು, ತೋಳುಗಳನ್ನು ಬಣ್ಣದ ಬಟ್ಟೆಯಿಂದ ಮುಚ್ಚಿಕೊಟ್ಟಳು. ದುಡಿದು ಬದುಕುವವರು ಇಂತಹ ಮಾತನ್ನೂ ನುಂಗಬೇಕಾಗುತ್ತದೆ. ಇತ್ತ ಪ್ಯಾರಿಸಿನಲ್ಲಿ ೧೭೯೩ರಲ್ಲಿ ರಾಣಿಯ ಶಿರಚ್ಛೇದವಾಯಿತು. ಗಂಡನು ಈಕೆಯ ಪರವಾಗಿ ಒಂದು ಕಿರುಹೊತ್ತಗೆಯನ್ನು ಅಚ್ಚುಮಾಡಿಸಿದುದುಂಟು. ಆದರೆ ಆಸ್ತಿಯನ್ನು ಉಳಿಸಿಕೊಳ್ಳುವುದಕ್ಕಾಗಿ ೧೭೯೪ರಲ್ಲಿ ವಿಚ್ಛೇದನವನ್ನು ಪಡೆದನು.

ಗುಣವನ್ನು ಹೇಳಿದವರು ದೋಷವನ್ನೂ ಹೇಳಬೇಕು. ಈಕೆ ಉಳ್ಳವರನ್ನು ಅವರಿಗಿಂತ ಚೆಲುವಾಗಿ ಬರೆದಳು. ಅವರ ವೈಭವದ ಕೆಳಗೆ ನಲುಗುತ್ತಿದ್ದ ಬಡವರ ವಿಷಯದಲ್ಲಿ ಹೆಚ್ಚು ಮರುಗಲಿಲ್ಲ. ತಾನು ಮಗಳನ್ನು ಅಪ್ಪಿಕೊಂಡಿರುವ ಎರಡು ಚಿತ್ರಗಳನ್ನು ಬರೆದಿದ್ದಾಳೆ. ತಾಯ್ತನದ ಅಂತಹ ಸೊಬಗನ್ನು ಬಣ್ಣದಲ್ಲಿ ನೋಡುವುದು ಅಪರೂಪ. ಆದರೆ ಆ ಮಗಳು ೧೭೯೯ರಲ್ಲಿ ತನ್ನ ಇಷ್ಟದವನನ್ನು ಮದುವೆಯಾಗಲು ಹೊರಟಾಗ ತಾಯಿ ಬಲವಾಗಿ ವಿರೋಧಿಸಿದಳು. ಮದುವೆ ಸುಖದಲ್ಲಿ ಮುಗಿಯಲಿಲ್ಲ. ತಾಯಿ ಮಗಳ ಮನಸ್ಸುಗಳೂ ಮೊದಲಿನಂತೆ ಕೂಡಲಿಲ್ಲ. ೧೮೧೯ರಲ್ಲಿ ಜೂಲಿ ತೀರಿಕೊಂಡಳು. ಸ್ವಂತ ಬುದ್ಧಿಯಿಂದ ಬದುಕಿದ ತಾಯಂದಿರಿಗೂ ಮಗಳ ಸ್ವಂತ ಬುದ್ಧಿಯು ಭಾರವಾಗಿ ತೋರುವುದುಂಟು.

೨೫೫ ಮಂದಿ ಕಲಾವಿದರು ಮತ್ತು ವಿದ್ವಾಂಸರು ಸಹಿ ಮಾಡಿದ ಮನವಿಯ ಫಲವಾಗಿ ಈಕೆಗೆ ಸ್ವದೇಶಕ್ಕೆ ಬರಲು ಅನುಜ್ಞೆಯಾಗಿ, ೧೮೦೨ರಲ್ಲಿ ಪ್ಯಾರಿಸನ್ನು ಮರಳಿ ಸೇರಿದಳು. ೧೮೪೨ನೆಯ ಮಾರ್ಚ್ ೩೦ರಂದು ಅಲ್ಲಿಯೇ ಕಾಲವಾದಳು. ಲೂವ್‌ಸಿಯೆನ್ ಎಂಬ ಊರಿನಲ್ಲಿರುವ ಸಮಾಧಿಯ ಕಲ್ಲಿನ ಮೇಲೆ ಬಣ್ಣದ ಹಲಗೆಯನ್ನೂ ಕುಂಚಗಳನ್ನೂ ಕೆತ್ತಿದ್ದಾರೆ. ತಾನು ೬೦೦ಕ್ಕೂ ಹೆಚ್ಚು ಭಾವಚಿತ್ರಗಳನ್ನೂ ಸುಮಾರು ೨೦೦ ನಿಸರ್ಗಚಿತ್ರಗಳನ್ನೂ ಬರೆದೆನೆಂದು ಆಕೆಯ ಲೆಕ್ಕ. ಇಷ್ಟಾದರೂ ಪ್ಯಾರಿಸಿನ ಸರಕಾರೀ ಚಿತ್ರಕಲಾಶಾಲೆಯು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದುದು ೧೮೯೭ರಲ್ಲಿ. ಆಕೆಯ ಕೃತಿಗಳ ಮಹಾಪ್ರದರ್ಶನವು ಪ್ಯಾರಿಸಿನಲ್ಲಿ ನಡೆದುದು ೨೦೧೫ರಲ್ಲಿ.

ಇನ್ನು ಕೊನೆಗೆಂದು ಇಟ್ಟುಕೊಂಡ ಬೋಧೆ. ವಿದ್ಯೆಯನ್ನು ಕಳ್ಳರು ಕದಿಯಲಾರರು, ಅರಸರು ಕಸಿಯಲಾರರು ಎಂದು ನಾವೆಲ್ಲರೂ ಮಕ್ಕಳಿಗೆ ಹೇಳಿಕೊಡುತ್ತೇವೆ. ಎಲಿಜಬೆತ್ತಳ ಬಾಳಿನಲ್ಲಿ ಇದು ಸತ್ಯವಾಯಿತು. ಆದರೆ ವಿದ್ಯೆಯ ಫಲವನ್ನು ಮನೆಯವರೇ ಕಸಿಯಬಲ್ಲರೆಂಬ ಇನ್ನರ್ಧ ಸತ್ಯವನ್ನು ನಾವು ಹೇಳಿಕೊಡುವುದಿಲ್ಲ. ನಮ್ಮಲ್ಲಿ ಓದಿ, ತರಬೇತಿ ಪಡೆದು ಉಪಾಧ್ಯಾಯಿನಿಯಾದ ಒಬ್ಬಳು ಹನ್ನೊಂದು ವರುಷ ದುಡಿದಳು. ಸಂಬಳದ ದಿನ ಸಹಿ ಅವಳದು, ಹಣ ಅಣ್ಣನದು. ವಿಧವೆಯಾಗಿ ಕೂಸನ್ನೆತ್ತಿಕೊಂಡು ನಮ್ಮ ಬಳಿಗೆ ಬಂದಾಗ, ಬಸ್ಸಿನ ಚೀಟಿಗೂ ನೆರೆಯವರಲ್ಲಿ ಸಾಲ ಮಾಡಿದ್ದಳು. ತರಬೇತಿಯ ಪತ್ರವೊಂದು ಪೆಟ್ಟಿಗೆಯಲ್ಲಿದ್ದುದರಿಂದ ಒಂದು ತಿಂಗಳಲ್ಲಿ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹನ್ನೊಂದು ವರುಷದ ಗಳಿಕೆ ಮಾತ್ರ ಸಿಕ್ಕಲಿಲ್ಲ.

ಈ ಕಾರಣದಿಂದಲೇ ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಮಾಡಿದ ವಸ್ತುಗಳ ಮಾರಾಟದಿಂದ ಬರುವ ಹಣವನ್ನು, ಎಷ್ಟೇ ಅಲ್ಪವಾಗಿರಲಿ, ಆಯಾ ಹುಡುಗಿಯ ಹೆಸರಿನಲ್ಲಿಯೇ ಅಂಚೆಯ ಉಳಿತಾಯದ ಲೆಕ್ಕಕ್ಕೆ ಕಟ್ಟುತ್ತಿದ್ದೇವೆ. ಮಕ್ಕಳ ಹಣದ ಮೇಲೆ ಹೆತ್ತವರಿಗೆ ಅಧಿಕಾರವಿಲ್ಲವೇ ಎಂದು ಕೆಲವರು ತಂದೆಗಳು ಬೇಸರಪಟ್ಟುದುಂಟು. ಪ್ರೀತಿಗೆ, ಬುದ್ಧಿವಾದಕ್ಕೆ ಅವರಿಗೆ ಪೂರ್ಣ ಅಧಿಕಾರವಿದೆ. ಮಗಳು ತನ್ನ ಗಳಿಕೆಯನ್ನು ತಾನೇ ಎಣಿಸಿ, ಮನಸಾರೆ ಮನೆಗೆ ಕೊಟ್ಟರೆ ಅದು ದಾನ. ಎಣಿಸಲೂ ಬಿಡದೆ ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರು. ಈ ವರುಷ ಶಾಲೆಯನ್ನು ಬಿಡುವ ಹುಡುಗಿಯರಿಗೆ ಆ ಪುಸ್ತಕಗಳನ್ನು ಅವರವರ ಕೈಗೇ ಕೊಡುವೆವು. ಬಾಕಿಯನ್ನು ಗಟ್ಟಿಯಾಗಿ ಓದಿ, ಸರಿಯಾಗಿದೆಯೇ ಎಂದು ನೋಡಿಕೊಂಡು, ಆಮೇಲೆ ಸಹಿ ಮಾಡಿರಿ.