ನಡುಗುವ ಗೆರೆ

ಗಾಮಾ ಕಿರಣ ಬರಿಗಣ್ಣಿಗೆ ಕಾಣದು. ನೆಲದವರೆಗೆ ಬರುವುದೂ ಇಲ್ಲ, ವಾತಾವರಣ ಅದನ್ನು ಮೇಲೆಯೇ ನುಂಗಿಬಿಡುತ್ತದೆ. ಹಾಗಾಗಿ ದೂರದ ಆಕಾಶದಲ್ಲಿ ಗಾಮಾ ಕಿರಣ ಚಿಮ್ಮಿಸುವ ಸ್ಫೋಟಗಳನ್ನು ಹಿಡಿಯುವ ಕೆಲಸ ಉಪಗ್ರಹಗಳದ್ದು. ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ 650 ಕಿಲೋಮೀಟರ್ ಎತ್ತರದಿಂದ ಕಳಿಸಿದ ಎಣಿಕೆಗಳನ್ನು ಅರಸೀಕೆರೆಯ ಮನೆಯಲ್ಲಿ ಕಂಪ್ಯೂಟರಿನ ಮೇಲೆ ಹರಡಿಕೊಂಡು ಅಳೆಯುತ್ತ ಕೂರುವುದೆಂದರೆ ನನಗೆ ಪ್ರಾಣ.

ಮೊದಲು ಕಾಣುವುದು ಬರೀ ಗದ್ದಲ. ಎಣಿಕೆಗಳ ಗೆರೆ ಸಣ್ಣಗೆ ನಡುಗುತ್ತ ಸಾಗುತ್ತಿರುತ್ತದೆ, ಇದ್ದಕ್ಕಿದ್ದಂತೆ ನೆಟ್ಟಗೆ ಮೇಲೇಳುತ್ತದೆ. ಸ್ಫೋಟದ ಹಿಂದುಮುಂದಿನ ಗದ್ದಲ ನೋಡಿ ನಡುವಿನದನ್ನು ಅಂದಾಜಿಸಿ ಕಳೆಯಬೇಕು. ಉಳಿದದ್ದನ್ನು ಕೂಡುತ್ತ ಹೋಗಿ, ಒಟ್ಟು ಮೊತ್ತದ ಶೇ. 5 ಎಲ್ಲಿ ತುಂಬಿತು, ಶೇ. 95 ಎಲ್ಲಿ ತುಂಬಿತು ಎಂದು ಗುರುತು ಹಾಕಬೇಕು. ಆ ಎರಡು ಗುರುತುಗಳ ನಡುವಿನ ಕಾಲವೇ ಸ್ಫೋಟದ ಅವಧಿ. ಎರಡು ಸೆಕೆಂಡಿನೊಳಗೆ ಮುಗಿದರೆ ಸಾಮಾನ್ಯವಾಗಿ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ, ಅದಕ್ಕೂ ಮೀರಿದರೆ ಭಾರಿ ನಕ್ಷತ್ರವೊಂದರ ಕುಸಿತ. ಒಂದು ಗೆರೆ ಚೂಪಾಗಿ ಎದ್ದು ನಿಧಾನ ಇಳಿಯುತ್ತದೆ. ಇನ್ನೊಂದು, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಏಳುತ್ತದೆ. ಹಳೇಬೀಡಿನ ಆನೆಸಾಲಿನಲ್ಲಿ ಒಂದೊಂದು ಆನೆಯ ಸೊಂಡಿಲನ್ನೂ ನಿಂತು ನೋಡುವವರಿಗೆ ಈ ಸುಖ ಗೊತ್ತು.

ಆಸ್ಟ್ರೋಸ್ಯಾಟಿನ ಸಿಝಡ್‌ಟಿ ಇಮೇಜರ್ ಮೇಲೆ ನನಗೆ ವಿಶೇಷ ಮಮತೆ. ಕ್ಯಾಡ್ಮಿಯಂ, ಸತು, ಟೆಲ್ಯೂರಿಯಂ ಬೆರೆತ ಹರಳುಗಳು, ಒಟ್ಟು 16,384 ಪಿಕ್ಸೆಲ್. ಉಪಗ್ರಹ ಹಾರಿದ್ದು 2015ರ ಸೆಪ್ಟೆಂಬರ್ 28ರಂದು. ಅಕ್ಟೋಬರ್ 6ರಂದು, ಈ ಉಪಕರಣ ಕೆಲಸ ಶುರು ಮಾಡಿದ ದಿನವೇ, ಒಂದು ಸ್ಫೋಟ ಸಿಕ್ಕಿತು. ಅದೂ ತಾನು ನೋಡುತ್ತಿದ್ದ ದಿಕ್ಕಿಗೆ ಸುಮಾರು 60 ಡಿಗ್ರಿ ಓರೆಯಲ್ಲಿ! ಹೆಚ್ಚು ಶಕ್ತಿಯ ಕಿರಣಗಳಿಗೆ ಉಪಕರಣದ ಗೋಡೆ ಅಡ್ಡಿಯಲ್ಲ, ತೂರಿಕೊಂಡೇ ಬರುತ್ತವೆ. 2023ರ ಹೊತ್ತಿಗೆ ಲೆಕ್ಕ 600 ಮುಟ್ಟಿತು. ಒಂದು ಪಿಕ್ಸೆಲಿಗೆ ಬಡಿದ ಕಿರಣ ಯಾವ ಕಡೆಯ ಪಿಕ್ಸೆಲಿಗೆ ಚಿಮ್ಮಿತೆಂದು ಎಣಿಸಿ ಧ್ರುವೀಕರಣವನ್ನೂ, ಅಂದರೆ ಕಿರಣದ ಕಂಪನದ ದಿಕ್ಕನ್ನೂ, ಇಲ್ಲಿ ಅಳೆಯುತ್ತಾರೆ. ಬಲು ನಾಜೂಕಿನ ಕೆಲಸ ಅದು. ಇದಕ್ಕೂ ಮೊದಲು, 1994ರಲ್ಲಿ, ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದವರು ಸ್ರಾಸ್-ಸಿ2 ಉಪಗ್ರಹದಲ್ಲಿ ಸ್ಫೋಟ ಪತ್ತೆಯ ಉಪಕರಣ ಇಟ್ಟು ಕಳಿಸಿದ್ದರು. ಆ ಹಿರಿಯರನ್ನು ಇವತ್ತು ನೆನೆಯುವವರು ಕಡಿಮೆ, ನನಗೆ ಅದೊಂದು ಕೊರಗು.

2022ರ ಅಕ್ಟೋಬರ್ 9ರ ಸ್ಫೋಟ ಈವರೆಗೆ ದಾಖಲಾದವುಗಳಲ್ಲೆಲ್ಲ ಪ್ರಖರವಾದದ್ದು. ಕೆಲವು ಉಪಕರಣಗಳಿಗೆ ಎಣಿಸಿ ಪೂರೈಸಲೇ ಆಗಲಿಲ್ಲ. ಆ ಬೆಳಕು ಹೊರಟು ಸುಮಾರು 200 ಕೋಟಿ ವರ್ಷ. ಬೇಲೂರು, ಹಳೇಬೀಡಿನ ದೇವಾಲಯಗಳ ಬಳಪದ ಕಲ್ಲು ಅದಕ್ಕೂ ಹಳೆಯದು, ಧಾರವಾಡ ಶಿಲಾವರ್ಗದ ಆ ಕಲ್ಲಿಗೆ 250 ಕೋಟಿ ವರ್ಷ ದಾಟಿದೆ. ಬೆಳಕಿನ್ನೂ ದಾರಿಯಲ್ಲಿರುವಾಗ, 1117ರಲ್ಲಿ, ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಗೆರೆ ಅಳೆಯುವಾಗ ಈ ಲೆಕ್ಕ ಮನಸ್ಸಿಗೆ ಬಂದರೆ ಕೈ ತಾನಾಗಿ ನಿಲ್ಲುತ್ತದೆ.

ಆಸ್ಟ್ರೋಸ್ಯಾಟ್ ಮಾಹಿತಿಯೆಲ್ಲ ಬ್ಯಾಲಾಳುವಿನ ಇಸ್ರೋ ದತ್ತಾಂಶ ಕೇಂದ್ರದಲ್ಲಿದೆ. ಹೆಸರು ನೋಂದಾಯಿಸಿದರೆ ಉಚಿತವಾಗಿ ಸಿಗುತ್ತದೆ. ನಮ್ಮ ಹಾಸನ ಜಿಲ್ಲೆಯ ಕಾಲೇಜುಗಳ ಭೌತಶಾಸ್ತ್ರದ ಮೇಷ್ಟ್ರುಗಳು ವರ್ಷಕ್ಕೆ ಒಂದೇ ಒಂದು ಸ್ಫೋಟವನ್ನಾದರೂ ಮಕ್ಕಳ ಕೈಯಿಂದ ಅಳೆಯಿಸಲಿ.