ಹೆಬ್ಬೆಟ್ಟು ಕೊಡದೆ ಹೋದದ್ದು

ಉತ್ತರಹಳ್ಳಿ ಮುಖ್ಯರಸ್ತೆಯಿಂದ ಒಳಗೆ, ಅಡ್ಡರಸ್ತೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ರೇಷನ್ ಕಾರ್ಡು, ವಿಧವಾ ಪಿಂಚಣಿ, ಜಾತಿ ಪ್ರಮಾಣಪತ್ರ ಅಂತ ಜನ ಅರ್ಜಿ ಹಿಡಿದು ಬರುತ್ತಾರೆ. ಅವರ ಆಧಾರ್ ಪ್ರತಿ ತೆಗೆದುಕೊಡುತ್ತಲೇ, ಗಟ್ಟಿ ಕೈಕಾಲಿದ್ದೂ ಸರ್ಕಾರದ ಮುಂದೆ ಕೈಚಾಚುತ್ತಾರಲ್ಲ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಆಗ ನಮ್ಮದೂ ಬಿಪಿಎಲ್ ಕಾರ್ಡೇ. ಇ-ಕೆವೈಸಿ ಮಾಡಿಸಬೇಕು, ನ್ಯಾಯಬೆಲೆ ಅಂಗಡಿಗೆ ಬಂದು ಹೆಬ್ಬೆಟ್ಟು ಕೊಡಿ ಎಂದು ಹೇಳಿ ಕಳಿಸಿದರು. ‘ಹೋಗಿ ಕೊಟ್ಟು ಬರೋಣ ರೀ, ಯಾವತ್ತಾದರೂ ಬೇಕಾಗುತ್ತೆ’ ಎಂದಳು ಹೆಂಡತಿ. ‘ಆ ಕ್ಯೂನಲ್ಲಿ ನಿಲ್ಲೋ ಗತಿ ನಮಗಿನ್ನೂ ಬಂದಿಲ್ಲ’ ಎಂದೆ. ಕಾರ್ಡು ರದ್ದಾಯಿತು.

2020ರಲ್ಲಿ ಲಾಕ್‌ಡೌನ್. ಶಾಲೆ, ಕಚೇರಿ ಎಲ್ಲ ಮುಚ್ಚಿದ ಮೇಲೆ ಜೆರಾಕ್ಸ್ ಯಾರಿಗೆ ಬೇಕು? ಕಾರ್ಡಿದ್ದವರಿಗೆ ತಲೆಗೆ 5 ಕೆಜಿ ಅಕ್ಕಿ ಪುಕ್ಕಟೆ ಸಿಗುತ್ತಿದ್ದಾಗ ನಾವು ಅಂಗಡಿ ಸಾಲದಲ್ಲಿ ಅಕ್ಕಿ ತಂದೆವು. ಅದನ್ನಾದರೂ ಹೇಗೋ ತಡೆದುಕೊಂಡೆವು. ಅದರ ಹಿಂದೆಯೇ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಗಬೇಕಾಯಿತು. ಆಸ್ಪತ್ರೆ ಕೌಂಟರಿನಲ್ಲಿ ಮೊದಲು ಕೇಳಿದ್ದು, ‘ಬಿಪಿಎಲ್ ಇದೆಯಾ?’ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಉಳಿದವರಿಗೆ ಪ್ಯಾಕೇಜಿನ ಶೇ 30 ಅಷ್ಟೇ. ಮೀಟರ್ ಬಡ್ಡಿಯವನ ಹತ್ತಿರ ಹೋದೆ. ಮೊದಲ ಬಡ್ಡಿಯನ್ನು ಮುರಿದುಕೊಂಡೇ ಅವನು ನೋಟು ಎಣಿಸಿದ. ಬಡ್ಡಿ ಕಟ್ಟಲಾಗದೆ ಅವಳ ಎರಡೆಳೆ ಸರ ಹೋಯಿತು. ವಿಪರೀತ ಬಡ್ಡಿಯ ವಿರುದ್ಧ ನಮ್ಮ ರಾಜ್ಯದಲ್ಲಿ 2004ರಿಂದಲೇ ಕಾಯ್ದೆಯಿದೆ. ಆದರೂ ಮರ್ಯಾದೆ ಹೋಗುತ್ತದೆಂದು ಪೊಲೀಸ್ ಠಾಣೆ ಮೆಟ್ಟಿಲನ್ನೂ ಹತ್ತಲಿಲ್ಲ. ಸ್ವಾಭಿಮಾನ ನನ್ನದು, ಅದಕ್ಕೆ ಬೆಲೆ ತೆತ್ತವಳು ಅವಳು.

ಸಾಲದ ಹೊರೆ ಇಳಿಸಲು ಅವಳು ಸುತ್ತಮುತ್ತಲ ಮನೆಗಳಲ್ಲಿ ಅಡುಗೆ ಕೆಲಸ ಹಿಡಿದಳು. ಬೊಮ್ಮನಹಳ್ಳಿ ಗಾರ್ಮೆಂಟ್ಸ್‌ನಲ್ಲಿ ಸಂಬಳ ಹೆಚ್ಚು, ಪಿಎಫ್, ಇಎಸ್‌ಐ ಬೇರೆ. ಆದರೆ ಬನಶಂಕರಿಯಲ್ಲಿ ಬಸ್ ಬದಲಿಸಿ ಹೋಗಿಬರುವ ಖರ್ಚು ಲೆಕ್ಕ ಹಾಕಿದರೆ ಗಿಟ್ಟುತ್ತಿರಲಿಲ್ಲ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ ಪುಕ್ಕಟೆಯಾಗುವ ಶಕ್ತಿ ಯೋಜನೆ ಬಂತು. ಅವಳು ಗಾರ್ಮೆಂಟ್ಸ್ ಸೇರಿದಳು. ಅಲೆದಾಡಿ ಮತ್ತೆ ಕಾರ್ಡು ಮಾಡಿಸಿದ್ದರಿಂದ ಮನೆಯೊಡತಿಗೆ ತಿಂಗಳಿಗೆ ಸಿಗುವ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬರತೊಡಗಿತು, ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ. ಅದಷ್ಟನ್ನೂ ಅವಳು ಸಾಲಕ್ಕೇ ಹಾಕಿದಳು.

ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದು ಅಂಗಡಿ ಮುಂದೆ ಈಗಲೂ ವಾದ ನಡೆಯುತ್ತದೆ. ಬಸ್ಸಿನವರು ಕೊಟ್ಟದ್ದು ಸೊನ್ನೆ ಟಿಕೆಟ್. ಬೆಳಗಿನ ಜಾವ ಎದ್ದು ಡಬ್ಬಿ ಕಟ್ಟಿ, ದಿನವಿಡೀ ಮಿಷನ್ ತುಳಿದು ಟಾರ್ಗೆಟ್ ಮುಟ್ಟಿಸುವವಳು ಅವಳೇ ಅಲ್ಲವೇ? ಆ ದುಡಿಮೆಯನ್ನು ಯಾವ ಯೋಜನೆಯೂ ಅವಳ ಬದಲಿಗೆ ಮಾಡಿಕೊಡಲಿಲ್ಲ. ಆ ಟಿಕೆಟ್ ಇಲ್ಲದೆ ಅವಳು ಮಿಷನ್ ಮುಂದೆ ಕೂರುವಂತೆಯೂ ಇರಲಿಲ್ಲ.

ನನ್ನನ್ನು ಈಗ ಕಾಡುವುದು ಬೇರೆ. ಬಿಪಿಎಲ್‌ಗೆ ವರ್ಷದ ಆದಾಯ ಮಿತಿ 1.20 ಲಕ್ಷ, ಅಂದರೆ ತಿಂಗಳಿಗೆ ಹತ್ತು ಸಾವಿರ. ಒಬ್ಬ ಗಾರ್ಮೆಂಟ್ಸ್ ಹೆಂಗಸಿನ ಸಂಬಳವೇ ಅದನ್ನು ದಾಟುತ್ತದೆ. ನಾವು ಎಪಿಎಲ್‌ಗೆ ಬದಲಾಯಿಸಿಕೊಂಡೆವು. ಗೃಹಲಕ್ಷ್ಮಿ, ಶಕ್ತಿ ಎರಡಕ್ಕೂ ಅದರಿಂದ ಅಡ್ಡಿಯಾಗಲಿಲ್ಲ. ಆದರೆ ನಮ್ಮ ಬೀದಿಯಲ್ಲಿ ಕಾಯಿಲೆಯ ಗಂಡನಿರುವ ಒಬ್ಬಾಕೆ, ಕಾರ್ಡು ಹೋದರೆ ಆಸ್ಪತ್ರೆಗೆ ಏನು ಗತಿ ಎಂದು ಹೆದರಿ ಪಿಎಫ್ ಇರುವ ಕೆಲಸವನ್ನೇ ಬಿಟ್ಟುಕೊಟ್ಟು ಮನೆಗೆಲಸದಲ್ಲೇ ಉಳಿದಿದ್ದಾಳೆ. ದುಡಿಯಲು ಹೊರಟವರ ಕಾಲು ಕಟ್ಟುವ ಆ ಮಿತಿಯನ್ನು ಸರ್ಕಾರ ಏರಿಸಲೇಬೇಕು.