ಗವಿಪುರದ ಗವಿ ಮತ್ತು ಗುರುನಾನಕರ ಮನೆ

ಬೆಂಗಳೂರಿನ ಬಸವನಗುಡಿಯ ಮಗ್ಗುಲಲ್ಲಿರುವ ಗವಿಪುರಕ್ಕೆ ಆ ಹೆಸರು ಬಂದುದು ಗವಿ ಗಂಗಾಧರೇಶ್ವರನ ಗುಹಾಲಯದಿಂದ. ಗೌತಮ, ಭಾರದ್ವಾಜ ಮುನಿಗಳು ಇಲ್ಲಿ ತಪಗೈದರೆಂಬುದು ಸ್ಥಳಪ್ರತೀತಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನಗಳೆಂಬ ಶಿಲಾಚಕ್ರಗಳಿವೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾಯ್ದು ಒಳಗಿನ ಲಿಂಗವನ್ನು ಸ್ಪರ್ಶಿಸುವುದನ್ನು ಕಾಣಲು ಜನ ಕಿಕ್ಕಿರಿಯುತ್ತಾರೆ. ತಲೆಬಾಗಿ ಇಂಥ ಗವಿಯನ್ನು ಹೊಕ್ಕಾಗ ನಮ್ಮಲ್ಲೊಂದು ಪ್ರಶ್ನೆ ಏಳುತ್ತದೆ: ದೈವವನ್ನರಿಯಲು ಸಂಸಾರವನ್ನು ತೊರೆಯಲೇಬೇಕೆ?

ಸಿಖ್ಖರ ಆದಿಗುರು ನಾನಕರು ಇದನ್ನೇ ಯೋಗಿಗಳೊಡನೆ ಚರ್ಚಿಸಿ ‘ಸಿದ್ಧ ಗೋಷ್ಠಿ’ಯನ್ನು ರಚಿಸಿದರು. ಸಂಸಾರದಲ್ಲಿದ್ದೇ ನಿರ್ಲಿಪ್ತನಾಗಿರಬೇಕೆಂಬುದು ಅವರ ನಿಲುವು. ದೀರ್ಘ ಸಂಚಾರದ ಬಳಿಕ ಅವರು ಕರ್ತಾರಪುರದಲ್ಲಿ ನೆಲಸಿ ಬೇಸಾಯ ಮಾಡಿದರು. ಹಿರಿಯ ಮಗ ಶ್ರೀಚಂದರು ವಿರಕ್ತರು, ಉದಾಸೀ ಪಂಥದ ಮೂಲಪುರುಷರು. ಆದರೂ 1539ರಲ್ಲಿ ಗುರುಸ್ಥಾನ ಸಂದುದು ಗೃಹಸ್ಥ ಶಿಷ್ಯ ಲೆಹಣಾ ಅವರಿಗೆ. ಅವರೇ ಗುರು ಅಂಗದರು.

ದುಡಿಮೆ, ನಾಮಸ್ಮರಣೆ, ಹಂಚಿ ಉಣ್ಣುವಿಕೆ ಸಿಖ್ಖರ ಮೂರು ನಿಯಮಗಳು. ಕಾಯಕ, ದಾಸೋಹಗಳನ್ನು ಬಲ್ಲ ನಮಗೆ ಇವು ಅಪರಿಚಿತವಲ್ಲ. ಶರಣರ ಕಲ್ಯಾಣವಿರುವ ಬೀದರ್ ಜಿಲ್ಲೆಯಲ್ಲಿಯೇ ನಾನಕ್ ಝೀರಾ ಗುರುದ್ವಾರವಿದೆ. ಅಲ್ಲಿನ ಚಿಲುಮೆ ಗುರುನಾನಕರ ಕೃಪೆಯಿಂದ ಉಕ್ಕಿತೆಂದು ಭಕ್ತರು ನಂಬುತ್ತಾರೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಯೊಡ್ಡಿದ ಐವರಲ್ಲೊಬ್ಬರಾದ ಸಾಹಿಬ್ ಸಿಂಗರು ಬೀದರಿನವರು.

ಏಕಾಂತ ಹೀನವೆಂದು ನಾವು ಹೇಳುವುದಿಲ್ಲ. ಗವಿಯ ಮೌನದಲ್ಲಿ ಕ್ಷಣಕಾಲ ಕುಳಿತವರಿಗೆ ಅದರ ಸವಿ ತಿಳಿಯದಿರದು. ಆದರೆ ಮುಪ್ಪಿನ ತಂದೆತಾಯಿಗಳನ್ನೂ ಎಳೆಯ ಮಕ್ಕಳನ್ನೂ ಮಡದಿಯೊಬ್ಬಳ ಹೆಗಲಿಗೇರಿಸಿ ಗಳಿಸಿದ ಏಕಾಂತವು ವೈರಾಗ್ಯವೆನಿಸೀತೆ? ಅಂಥ ಮನೆಯಲ್ಲಿ ನಿಜವಾದ ತಪಸ್ಸು ಯಾರದೆಂಬುದನ್ನು ವಾಚಕರೇ ವಿಚಾರಿಸಲಿ.